ದಾನವೋ ಋಣವೋ: ಮುಕ್ತ ಪ್ರೋಗ್ರಾಮಿಂಗ್ ಭಾಷೆಗಳ ಪೋಷಣೆಯ ಪ್ರಶ್ನೆ

ಒಂದು ಪ್ರೋಗ್ರಾಮಿಂಗ್ ಭಾಷೆಯನ್ನು ಕಟ್ಟಿದವರು ಅದನ್ನು ಮೂಲ ಕೋಡ್ ಸಮೇತ ಲೋಕಕ್ಕೆ ಬಿಟ್ಟುಕೊಟ್ಟ ಮೇಲೆ, ಅದನ್ನು ಮುಂದೆ ಸಾಕುವ ಹೊಣೆ ಯಾರದು? ಕೊಟ್ಟವರು ಕೊನೆಯವರೆಗೂ ದುಡಿಯುತ್ತಲೇ ಇರಬೇಕೇ, ಬಳಸಿದವರು ಏನನ್ನಾದರೂ ಹಿಂದಿರುಗಿಸಬೇಕೇ? ಹಣ ಕೊಟ್ಟವರಿಗೆ ಆ ಭಾಷೆ ಯಾವ ದಿಕ್ಕಿಗೆ ಬೆಳೆಯಬೇಕೆಂದು ಹೇಳುವ ಹಕ್ಕು ಬರುತ್ತದೆಯೇ? ಓಪನ್ ಸೋರ್ಸ್ ಭಾಷೆಗಳ ಯೋಜನೆ ಮತ್ತು ಹಣಕಾಸಿನ ಬಗ್ಗೆ ನಡೆಯುವ ಚರ್ಚೆ ಬಹುಪಾಲು ಬಜೆಟ್ಟಿನ ಮಾತಿನಲ್ಲೇ ಮುಗಿದುಹೋಗುತ್ತದೆ. ಆದರೆ ಕೊಡುವುದು, ಪಡೆಯುವುದು, ತೀರಿಸುವುದು ಎಂದರೇನು ಎಂಬುದು ತೀರ್ಮಾನವಾಗದೆ ಬಜೆಟ್ಟನ್ನು ಬರೆಯಲು ಬರುವುದಿಲ್ಲ. ಆ ತೀರ್ಮಾನ ಧರ್ಮವಿಚಾರಕ್ಕೆ ಸೇರಿದ್ದು.

ಇದಕ್ಕೆ ಪರ್ಲ್ ಭಾಷೆಯ ಚರಿತ್ರೆ ಒಳ್ಳೆಯ ಉದಾಹರಣೆ. ಅದನ್ನು ಕಟ್ಟಿದ ಲ್ಯಾರಿ ವಾಲ್ ಆಳವಾದ ಕ್ರೈಸ್ತ ನಂಬಿಕೆಯುಳ್ಳವರು. ಅವರೂ ಅವರ ಪತ್ನಿಯೂ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ಓದಿದ್ದು, ಆಫ್ರಿಕಾದಲ್ಲಿ ಬರಹವಿಲ್ಲದ ಯಾವುದಾದರೂ ನುಡಿಗೆ ಲಿಪಿ ರೂಪಿಸಿ ಬೈಬಲನ್ನು ಆ ನುಡಿಗೆ ತರಬೇಕೆಂಬ ಉದ್ದೇಶದಿಂದ. ಆರೋಗ್ಯದ ಕಾರಣಕ್ಕೆ ಆ ಯೋಜನೆ ಕೈಬಿಟ್ಟುಹೋಯಿತು. ವಾಲ್ ಕಂಪ್ಯೂಟರ್ ಕೆಲಸಕ್ಕೆ ಸೇರಿದರು. 1987ರ ಡಿಸೆಂಬರಿನಲ್ಲಿ ಪರ್ಲ್‌ನ ಮೊದಲ ಆವೃತ್ತಿ ಹೊರಬಂತು. ಮತ್ತಾಯನ ಸುವಾರ್ತೆಯಲ್ಲಿ, ಬೆಲೆಬಾಳುವ ಒಂದು ಮುತ್ತಿಗಾಗಿ ತನಗಿದ್ದದ್ದನ್ನೆಲ್ಲ ಮಾರಿದ ವರ್ತಕನ ಸಾಮತಿಯ ನೆನಪು ಆ ಹೆಸರಿನಲ್ಲಿದೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು ಎಂಬ ಲೈಸೆನ್ಸಿನಡಿ ಅದು ಹರಡಿತು. ತೊಂಬತ್ತರ ದಶಕದಲ್ಲಿ ವೆಬ್ ಬೆಳೆದಾಗ ಅಸಂಖ್ಯ ಸೈಟುಗಳ ಹಿಂದೆ ಓಡುತ್ತಿದ್ದದ್ದು ಪರ್ಲ್ ಸ್ಕ್ರಿಪ್ಟುಗಳೇ. ಬುಕಿಂಗ್ ಡಾಟ್ ಕಾಮ್‌ನಂಥ ಕಂಪನಿಗಳು ತಮ್ಮ ಇಡೀ ವ್ಯವಹಾರವನ್ನು ಅದರ ಮೇಲೆ ಕಟ್ಟಿಕೊಂಡವು.

ಇಂಥ ಕೊಡುಗೆಯನ್ನು ರೂಢಿಯಲ್ಲಿ ದಾನ ಎನ್ನುತ್ತಾರೆ. ಶಾಸ್ತ್ರದ ಲೆಕ್ಕದಲ್ಲಿ ಅದು ಸರಿಹೋಗುವುದಿಲ್ಲ. ದಾನಕ್ಕೆ ಸ್ವೀಕರಿಸುವವನೊಬ್ಬ ಬೇಕು. ಧಾರೆ ಎರೆದ ಗಳಿಗೆಗೆ ಕೊಟ್ಟವನ ಒಡೆತನ ಅಳಿದು ಪಡೆದವನ ಒಡೆತನ ಹುಟ್ಟುತ್ತದೆ. ಆಮೇಲೆ ಆ ವಸ್ತುವಿನ ಮೇಲೆ ಕೊಟ್ಟವನಿಗೆ ಯಾವ ಬಾಧ್ಯತೆಯೂ ಉಳಿಯದು. ಧರ್ಮಶಾಸ್ತ್ರಕಾರರು ಇದರಿಂದ ಬೇರೆಯಾದ ಇನ್ನೊಂದು ಬಗೆಯನ್ನೂ ಗುರುತಿಸಿದ್ದರು, ಅದು ಉತ್ಸರ್ಗ. ಕೆರೆ ಕಟ್ಟಿಸಿದವನು, ಬಾವಿ ತೋಡಿಸಿದವನು ಅದನ್ನು ಒಬ್ಬರ ಕೈಗೆ ಕೊಡುವುದಿಲ್ಲ, ಸಕಲ ಜೀವಿಗಳಿಗೂ ಬಿಟ್ಟುಬಿಡುತ್ತಾನೆ. ಅವನ ಸ್ವಾಮ್ಯ ಹೋಗುತ್ತದೆ, ಆದರೆ ಅದು ಇನ್ನೊಬ್ಬರ ಸ್ವಾಮ್ಯವಾಗುವುದಿಲ್ಲ. ಎಲ್ಲರಲ್ಲಿ ಒಬ್ಬನಾಗಿ ಅವನೂ ಆ ನೀರನ್ನು ಬಳಸಬಹುದು. ಓಪನ್ ಸೋರ್ಸ್ ಭಾಷೆಯನ್ನು ಬಿಡುಗಡೆ ಮಾಡಿದವರ ಸ್ಥಿತಿ ಬಹುಮಟ್ಟಿಗೆ ಇದೇ. ಕಾನೂನಿನ ಕಣ್ಣಿನಲ್ಲಿ ಕೃತಿಸ್ವಾಮ್ಯ ಅವರ ಹೆಸರಿನಲ್ಲೇ ಉಳಿದಿರಬಹುದು, ಆದರೆ ಬೇರೆಯವರ ಬಳಕೆಯನ್ನು ತಡೆಯುವ ಅಧಿಕಾರವನ್ನು ಅವರು ಬಿಟ್ಟುಕೊಟ್ಟಿರುತ್ತಾರೆ.

ಉತ್ಸರ್ಗದಲ್ಲಿ ಒಂದು ತೊಡಕಿದೆ, ಮತ್ತು ಕರ್ನಾಟಕದ ಶಾಸನಗಳು ಅದನ್ನು ಚೆನ್ನಾಗಿ ಅರಿತಿದ್ದವು. ಕೆರೆಗೆ ಒಡೆಯನಿಲ್ಲದ ಮೇಲೆ ಹೂಳು ಯಾರು ತೆಗೆಯಬೇಕು? ಕಟ್ಟಿಸಿದ ಕೀರ್ತಿ ಕಲ್ಲಿನ ಮೇಲೆ ನಿಲ್ಲುತ್ತದೆ, ಹೂಳೆತ್ತಿದವನ ಹೆಸರು ಎಲ್ಲಿಯೂ ಬರುವುದಿಲ್ಲ. ಅದಕ್ಕಾಗಿಯೇ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರಿನಲ್ಲಿ ಕೆರೆಯ ಕೆಲಸಕ್ಕೆಂದು ಭೂಮಿಯನ್ನೋ ಬೆಳೆಯ ಪಾಲನ್ನೋ ಬೇರೆಯಾಗಿಯೇ ಬಿಡುತ್ತಿದ್ದರು. ಹೂಳು ಸಾಗಿಸುವ ಬಂಡಿಯ ಖರ್ಚಿಗೆ ದತ್ತಿ ಬಿಟ್ಟದ್ದೂ ಉಂಟು. ಆ ಪಾಲು ಕೆರೆಯ ನೀರಿನಿಂದಲೇ ಬೆಳೆದ ಬೆಳೆಯಿಂದ ಬರುತ್ತಿತ್ತು ಎಂಬುದು ಗಮನಿಸಬೇಕಾದ ಸಂಗತಿ. ನಿರ್ವಹಣೆಯ ಹಣ ಯಾರದೋ ಔದಾರ್ಯಕ್ಕೆ ಕಾದು ಕೂರುತ್ತಿರಲಿಲ್ಲ, ಉಪಯೋಗ ಪಡೆದಲ್ಲಿಂದಲೇ ಹುಟ್ಟುತ್ತಿತ್ತು.

ಭಾಷೆಗೆ ಈ ನಿರ್ವಹಣೆ ಬೇರೆ ಯಾವ ತಂತ್ರಾಂಶಕ್ಕಿಂತಲೂ ಹೆಚ್ಚು ಬೇಕು. ಒಂದು ಆಟದ ಪ್ರೋಗ್ರಾಮು ಬರೆದವರು ಅದನ್ನು ಕೈಬಿಟ್ಟರೆ ಆಡುವವರು ಬೇರೆ ಆಟ ಹುಡುಕಿಕೊಳ್ಳುತ್ತಾರೆ. ಭಾಷೆಯ ಮೇಲಾದರೆ ಬ್ಯಾಂಕುಗಳ, ಆಸ್ಪತ್ರೆಗಳ, ಪ್ರಯೋಗಾಲಯಗಳ ಲಕ್ಷಾಂತರ ಸಾಲು ಕೋಡ್ ಕೂತಿರುತ್ತದೆ. ಇಂದು ಒಂದು ರೀತಿ ನಡೆಯುವ ಆಜ್ಞೆ ಹತ್ತು ವರ್ಷದ ಮೇಲೂ ಹಾಗೆಯೇ ನಡೆಯುತ್ತದೆಂಬ ಭರವಸೆಯೇ ಭಾಷೆಯ ಜೀವ. ಹೊಸ ಪ್ರೊಸೆಸರ್ ಬಂದರೆ ಅದಕ್ಕೆ ಒಗ್ಗಿಸಬೇಕು, ಭದ್ರತೆಯ ಲೋಪ ಹೊರಬಿದ್ದರೆ ಗಂಟೆಗಳೊಳಗೆ ತೇಪೆ ಹಾಕಬೇಕು, ಯೂನಿಕೋಡ್ ಹೊಸ ಲಿಪಿಗಳನ್ನು ಸೇರಿಸಿಕೊಂಡಾಗ ಭಾಷೆಯೂ ಅವನ್ನು ಗುರುತಿಸುವಂತಾಗಬೇಕು. ಭಾಷೆಯನ್ನು ಕೊಡುವುದೆಂದರೆ ಒಂದು ದಿನದ ಕ್ರಿಯೆಯಲ್ಲ. ದಿನವೂ ಕೊಡುತ್ತಲೇ ಇರಬೇಕಾದದ್ದು. ಹಾಗೆ ಕೊಡುತ್ತಲೇ ಇರುವ ಕೈಗಳು ದಣಿಯುತ್ತವೆ.

ಆ ದಣಿವಿನ ಕಾಲದಲ್ಲೇ ಪರ್ಲ್ 6 ಹುಟ್ಟಿತು. 2000ದ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಓಪನ್ ಸೋರ್ಸ್ ಸಮ್ಮೇಳನ ಸೇರಿತ್ತು. ಪರ್ಲ್ ಬಳಗದ ಮುಖ್ಯರು ಒಂದು ಕೋಣೆಯಲ್ಲಿ ಕೂತು ಮಾತನಾಡುತ್ತಿದ್ದಾಗ ಜಾನ್ ಆರ್ವಾಂಟ್ ಕಾಫಿ ಮಗ್ಗುಗಳನ್ನು ಗೋಡೆಗೆ ಎಸೆಯತೊಡಗಿದರು. ಭಾಷೆ ಜಡವಾಗುತ್ತಿದೆ, ಜನರನ್ನು ಕೆರಳಿಸುವಂಥದ್ದೇನನ್ನಾದರೂ ಹೊಸದಾಗಿ ಮಾಡದಿದ್ದರೆ ಉಳಿಗಾಲವಿಲ್ಲ ಎಂಬುದು ಅವರ ಸಂಕಟ. ಮರುದಿನ ವಾಲ್ ಹೊಸ ಭಾಷೆಯ ಘೋಷಣೆ ಮಾಡಿದರು. ಹಿಂದಿನದನ್ನು ತಾವೊಬ್ಬರೇ ಮತ್ತೆ ಬರೆದಿದ್ದರೂ ಇದನ್ನು ಸಮುದಾಯವೇ ಬರೆಯಬೇಕು, ಬರೆಯುತ್ತಾ ಸಮುದಾಯವೂ ತನ್ನನ್ನು ಹೊಸದಾಗಿ ಬರೆದುಕೊಳ್ಳಬೇಕು ಎಂಬುದು ಅವರ ಆಶಯವಾಗಿತ್ತು. ಸಲಹೆ ಕೇಳಿದಾಗ 361 ಪ್ರಸ್ತಾವಗಳು ಬಂದವು. ಅವನ್ನೆಲ್ಲ ಓದಿ ವಾಲ್ ಬರೆದ ವಿನ್ಯಾಸದ ದಸ್ತಾವೇಜುಗಳಿಗೆ ‘ಅಪಾಕಲಿಪ್ಸ್’ ಎಂದು ಹೆಸರು, ಬೈಬಲಿನ ಪ್ರಕಟನೆಯ ಅರ್ಥದಲ್ಲಿ. ಅವಕ್ಕೆ ಡೇಮಿಯನ್ ಕಾನ್ವೇ ಬರೆದ ವ್ಯಾಖ್ಯಾನಗಳು ‘ಎಕ್ಸೆಜೆಸಿಸ್’. ಸೂತ್ರ, ಭಾಷ್ಯಗಳ ಸಂಪ್ರದಾಯದಲ್ಲಿ ಬೆಳೆದವರಿಗೆ ಈ ಏರ್ಪಾಡು ಅಪರಿಚಿತವೆನಿಸದು.

ಭಾಷೆ ಯಾವಾಗ ಸಿದ್ಧವಾಗುತ್ತದೆ ಎಂದು ಕೇಳಿದವರಿಗೆ ಬಳಗದವರು ಕೊಡುತ್ತಿದ್ದ ಉತ್ತರ ‘ಕ್ರಿಸ್‌ಮಸ್‌ಗೆ’ ಎಂದು. ಯಾವ ವರ್ಷದ್ದೆಂದು ಹೇಳುತ್ತಿರಲಿಲ್ಲ. ಆ ಕ್ರಿಸ್‌ಮಸ್ ಬಂದದ್ದು 2015ರಲ್ಲಿ, ಘೋಷಣೆಯಾಗಿ ಹದಿನೈದು ವರ್ಷದ ನಂತರ. 2019ರಲ್ಲಿ ಅದರ ಹೆಸರು ರಾಕು ಎಂದು ಬದಲಾಯಿತು. ಅಷ್ಟು ಹೊತ್ತಿಗೆ ಪರ್ಲ್‌ನ ಹಳೆಯ ಬಳಕೆದಾರರು ಹೆಚ್ಚಿನ ಸಂಖ್ಯೆಯಲ್ಲಿ ಪೈಥಾನ್ ಕಡೆಗೆ ಹೋಗಿಯಾಗಿತ್ತು. ಇದನ್ನು ಯೋಜನೆಯ ಸೋಲೆಂದು ಬರೆದವರಿದ್ದಾರೆ. ಆದರೆ ಸ್ವಂತ ಇಚ್ಛೆಯಿಂದ ಕೆಲಸ ಮಾಡುವವರಿಗೆ ಗಡುವು ವಿಧಿಸುವ ಅಧಿಕಾರ ಯಾರಿಗಿತ್ತು ಎಂಬ ಪ್ರಶ್ನೆಯನ್ನು ಅವರು ಕೇಳಿಕೊಳ್ಳುವುದಿಲ್ಲ. ಸಂಬಳವಿಲ್ಲದ ಕಡೆ ಯೋಜನೆ ಎಂಬುದು ಆಜ್ಞೆಯಾಗಲಾರದು, ಸಂಕಲ್ಪವಷ್ಟೇ. ಪೂಜೆಗೆ ಮುಂಚೆ ಮಾಡುವ ಸಂಕಲ್ಪ ಮಾಡುವವನನ್ನು ಮಾತ್ರ ಕಟ್ಟಿಹಾಕುತ್ತದೆ, ನೋಡಲು ಬಂದವರಿಗೆ ಅದರಿಂದ ಯಾವ ಹಕ್ಕೂ ಹುಟ್ಟುವುದಿಲ್ಲ.

ಇಲ್ಲಿ ನಿಷ್ಕಾಮ ಕರ್ಮದ ಮಾತು ಬರುತ್ತದೆ. ಓಪನ್ ಸೋರ್ಸ್ ಕೆಲಸಗಾರರನ್ನು ಹೊಗಳುವವರು ಫಲಾಪೇಕ್ಷೆಯಿಲ್ಲದ ದುಡಿಮೆ ಎಂದು ಭಗವದ್ಗೀತೆಯನ್ನು ನೆನೆಯುವುದು ಸಾಮಾನ್ಯ. ಹೊಗಳಿಕೆ ಪ್ರಾಮಾಣಿಕವಾಗಿರಬಹುದು, ಆದರೆ ಅದರೊಳಗೆ ಒಂದು ಅನ್ಯಾಯ ಅಡಗಿದೆ. ಫಲತ್ಯಾಗ ಕರ್ಮ ಮಾಡುವವನ ಅಂತರಂಗಕ್ಕೆ ಹೇಳಿದ ಮಾತು. ಆ ಕರ್ಮದ ಫಲ ಉಣ್ಣುವವನು ಅದನ್ನು ಎತ್ತಿಕೊಂಡು, ನೀನು ನಿಷ್ಕಾಮನಾಗಿರು ಎಂದು ದುಡಿಯುವವನಿಗೆ ಬೋಧಿಸಲು ಬರುವುದಿಲ್ಲ. ಗೀತೆ ಉಣ್ಣುವವನಿಗೆ ಬೇರೆಯೇ ಮಾತು ಹೇಳಿದೆ: ಮೂರನೆಯ ಅಧ್ಯಾಯದಲ್ಲಿ ಯಜ್ಞಚಕ್ರವನ್ನು ವಿವರಿಸುವಾಗ, ದೇವತೆಗಳು ಕೊಟ್ಟದ್ದನ್ನು ಅವರಿಗೆ ಹಿಂದಿರುಗಿಸದೆ ತಾನೇ ಅನುಭವಿಸುವವನನ್ನು ಅದು ಕಳ್ಳನೆಂದೇ ಕರೆಯುತ್ತದೆ. ಮೊದಲ ಉಪದೇಶವನ್ನು ಬೇರೆಯವರಿಗೆ ಅನ್ವಯಿಸಿ ಎರಡನೆಯದನ್ನು ತನಗೆ ಅನ್ವಯಿಸಿಕೊಳ್ಳದವನು ಗೀತೆಯನ್ನು ಅರ್ಧ ಮಾತ್ರ ಓದಿದವನು.

ಹಾಗಾದರೆ ಬಿಟ್ಟಿ ಸಿಕ್ಕ ಭಾಷೆಯಲ್ಲಿ ಕೋಡ್ ಬರೆಯುವವರೆಲ್ಲ ಕಳ್ಳರೇ? ಲೈಸೆನ್ಸ್ ಹಾಗೆನ್ನುವುದಿಲ್ಲ, ಧರ್ಮವೂ ಹಾಗೆನ್ನಬೇಕಾಗಿಲ್ಲ. ಇಲ್ಲಿ ನೆರವಿಗೆ ಬರುವುದು ಋಣದ ಕಲ್ಪನೆ. ಬ್ರಾಹ್ಮಣ ಹುಟ್ಟುತ್ತಲೇ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಋಣಿ ಎಂದು ತೈತ್ತಿರೀಯ ಸಂಹಿತೆ ಹೇಳುತ್ತದೆ. ಇವುಗಳಲ್ಲಿ ಋಷಿಋಣ ತೀರುವ ಬಗೆ ವಿಶೇಷವಾದದ್ದು. ಮಂತ್ರ ಕೊಟ್ಟ ಋಷಿಗೆ ಶಿಷ್ಯ ಹಿಂದಕ್ಕೆ ಕೊಡಬಹುದಾದದ್ದು ಏನೂ ಇಲ್ಲ, ಋಷಿಗೆ ಅದು ಬೇಕಾಗಿಯೂ ಇಲ್ಲ. ಬ್ರಹ್ಮಚರ್ಯದಲ್ಲಿ ನಿಂತು ಕಲಿಯುವುದರಿಂದ, ಕಲಿತದ್ದನ್ನು ಕೆಡದಂತೆ ಮುಂದಿನವರಿಗೆ ದಾಟಿಸುವುದರಿಂದ ಆ ಸಾಲ ತೀರುತ್ತದೆ. ಸಾಲ ಹಿಂದಿನವರದು, ಪಾವತಿ ಮುಂದಿನವರಿಗೆ. ವಿದ್ಯಾರ್ಥಿಯೊಬ್ಬ ಪರ್ಲ್ ಕಲಿತು ಒಂದು ಬಗ್‌ನ ವಿವರವನ್ನು ಸರಿಯಾಗಿ ಬರೆದು ಕಳಿಸಿದರೆ, ಇನ್ನೊಬ್ಬನಿಗೆ ಪಾಠ ಹೇಳಿದರೆ ಅವನ ಪಾಲು ಸಂದಂತೆ. ಆ ಭಾಷೆಯಿಂದ ಕೋಟಿಗಟ್ಟಲೆ ಗಳಿಸಿದ ಕಂಪನಿಯ ಪಾಲು ಅಷ್ಟಕ್ಕೆ ತೀರುವುದಿಲ್ಲ. ಋಣ ಪಡೆದ ಪ್ರಮಾಣಕ್ಕೆ ತಕ್ಕದ್ದು.

ಫ್ರೆಂಚ್ ಮಾನವಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ಪ್ರಕಟಿಸಿದ ಕೊಡುಗೆಯ ಕುರಿತಾದ ಪ್ರಬಂಧದಲ್ಲಿ, ಯಾವ ಸಮಾಜದಲ್ಲೂ ಪೂರಾ ಬಿಟ್ಟಿ ಕೊಡುಗೆ ಎಂಬುದಿಲ್ಲ ಎಂದು ವಾದಿಸಿದರು. ಕೊಡುವುದು, ಸ್ವೀಕರಿಸುವುದು, ಹಿಂದಿರುಗಿಸುವುದು, ಇವೆಲ್ಲ ಕಡ್ಡಾಯದ ಒಂದೇ ಸರಪಳಿ ಎಂಬುದು ಅವರ ನಿಲುವು. ಅವರ ವಿವರಣೆಯಲ್ಲಿ ಹಿಂದಿರುಗುವ ಕೊಡುಗೆ ಕೊಟ್ಟವನ ಬಳಿಗೇ ಬರುತ್ತದೆ ಮತ್ತು ಅದರ ಜೊತೆ ಪ್ರತಿಷ್ಠೆಯ ಪೈಪೋಟಿಯೂ ಇರುತ್ತದೆ. ಹಿಂದಿರುಗಿಸಲಾರದವನು ಕೊಟ್ಟವನ ಮುಂದೆ ಕುಗ್ಗುತ್ತಾನೆ. ಮುಕ್ತ ಭಾಷೆಯ ವಿಷಯದಲ್ಲಿ ಋಷಿಋಣದ ಮಾದರಿಯೇ ಹೆಚ್ಚು ಸರಿ. ಅದರಲ್ಲಿ ಯಾರೂ ಯಾರ ಮುಂದೆಯೂ ಕುಗ್ಗಬೇಕಾಗಿಲ್ಲ.

ಇದರಿಂದ ಹಣದ ಪ್ರಶ್ನೆಗೆ ಒಂದು ಸ್ಪಷ್ಟವಾದ ದಾರಿ ಸಿಗುತ್ತದೆ. ಗೀತೆಯ ಹದಿನೇಳನೆಯ ಅಧ್ಯಾಯ ದಾನವನ್ನು ವಿಂಗಡಿಸುವಾಗ, ಪ್ರತಿಫಲದ ನಿರೀಕ್ಷೆಯಿಲ್ಲದೆ ಕೊಡಬೇಕೆಂಬ ಕಾರಣಕ್ಕೇ ಕೊಟ್ಟದ್ದು ಸಾತ್ತ್ವಿಕ, ಪ್ರತ್ಯುಪಕಾರದ ಆಸೆಯಿಂದ ಕೊಟ್ಟದ್ದು ರಾಜಸ ಎನ್ನುತ್ತದೆ. ಹತ್ತು ವರ್ಷ ಪರ್ಲ್ ಬಳಸಿ ಬೆಳೆದ ಕಂಪನಿ ಪರ್ಲ್ ಫೌಂಡೇಷನ್ನಿಗೆ ಕೊಡುವ ಹಣ ಈ ಎರಡರಲ್ಲಿ ಯಾವುದು? ಎರಡೂ ಅಲ್ಲ. ಉಪಕಾರ ಆಗಲೇ ಆಗಿಹೋಗಿದೆ, ಹಣ ಬರುತ್ತಿರುವುದು ಆಮೇಲೆ. ಅದು ದಾನವಾಗುವ ಅವಕಾಶವೇ ಇಲ್ಲ, ಸಾಲದ ಕಂತು ಅಷ್ಟೇ. ಸಾಲ ತೀರಿಸುವವನು ಸಾಲ ಕೊಟ್ಟವನಿಗೆ ಷರತ್ತು ಹಾಕುವುದಿಲ್ಲ. ದಾನಿಯ ಪಟ್ಟಕ್ಕೆ, ಫಲಕದ ಮೇಲಿನ ಹೆಸರಿಗೆ, ಭಾಷೆಯ ದಿಕ್ಕು ನಿರ್ಧರಿಸುವ ಸಮಿತಿಯಲ್ಲಿ ಕುರ್ಚಿಗೆ ಅವನು ಅರ್ಹನಾಗುವುದೂ ಇಲ್ಲ.

ಹಣ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಪರ್ಲ್‌ನ ಅನುಭವದಲ್ಲೇ ನೋಡಬಹುದು. ಪರ್ಲ್ 6ರ ಮೊದಲ ವರ್ಷಗಳಲ್ಲಿ ಫೌಂಡೇಷನ್ ವಾಲ್, ಕಾನ್ವೇ, ಡ್ಯಾನ್ ಸುಗಾಲ್‌ಸ್ಕಿ ಇವರಿಗೆ ಪೂರ್ಣಾವಧಿ ಕೆಲಸಕ್ಕೆಂದು ಗ್ರಾಂಟ್ ಕೊಟ್ಟಿತು. 2008ರಲ್ಲಿ ಇಯಾನ್ ಹೇಗ್ ಎಂಬವರು ಪರ್ಲ್ 6ಕ್ಕಾಗಿ ಎರಡು ಲಕ್ಷ ಡಾಲರ್ ಕೊಟ್ಟರು. ಅದು ದೊಡ್ಡ ಮೊತ್ತ, ದೊಡ್ಡ ಮನಸ್ಸು. ಆದರೂ ಭಾಷೆ ಪೂರ್ತಿಯಾಗಲು ಮತ್ತೆ ಏಳು ವರ್ಷ ಬೇಕಾಯಿತು. ಇನ್ನೊಂದು ಕಡೆ 2005ರ ಆರಂಭದಲ್ಲಿ ತೈವಾನಿನ ಆಡ್ರಿ ಟಾಂಗ್ ‘ಪಗ್ಸ್’ ಎಂಬ ಹೆಸರಿನಲ್ಲಿ ಹ್ಯಾಸ್ಕೆಲ್ ಭಾಷೆಯಲ್ಲಿ ಪರ್ಲ್ 6ರ ಒಂದು ರೂಪವನ್ನು ಶುರುಮಾಡಿ, ಆಸಕ್ತಿ ತೋರಿದವರಿಗೆಲ್ಲ ಕೋಡ್ ತಿದ್ದುವ ಅನುಮತಿ ಕೊಟ್ಟುಬಿಟ್ಟರು. ಕೆಲವೇ ತಿಂಗಳಲ್ಲಿ ವರ್ಷಗಳಿಂದ ಕಾಗದದ ಮೇಲಿದ್ದ ಭಾಷೆ ಕಣ್ಣೆದುರು ಓಡತೊಡಗಿತು. ಅಲ್ಲಿ ಚಲಾವಣೆಯಾದದ್ದು ಸಂತೋಷ. ಅದೂ ಶಾಶ್ವತವಾಗಿರಲಿಲ್ಲ, ಮುಖ್ಯ ಕೈ ಹಿಂದೆ ಸರಿದಾಗ ಪಗ್ಸ್ ನಿಧಾನವಾಯಿತು, ರಾಕುಡೋ ಎಂಬ ಬೇರೆ ರೂಪ ಆ ಕೆಲಸವನ್ನು ಮುಂದುವರಿಸಿತು.

ಸಂತೋಷ ಹೊಸದನ್ನು ಕಟ್ಟಿಸುತ್ತದೆ, ಹೂಳು ತೆಗೆಸುವುದಿಲ್ಲ. ಬಳಕೆಯಲ್ಲಿದ್ದ ಪರ್ಲ್ 5ರ ಒಳಗಿನ ಹಳೆಯ ಬಗ್‌ಗಳ ಕಡೆ ಯಾರೂ ತಿರುಗಿ ನೋಡದಿದ್ದಾಗ ಫೌಂಡೇಷನ್ ಬೇರೆ ರೀತಿಯ ಗ್ರಾಂಟ್ ಆರಂಭಿಸಿತು. ಮೊದಲ ಗ್ರಾಂಟುಗಳಲ್ಲಿ ದರ ಗಂಟೆಗೆ 50 ಡಾಲರ್. ಹಣ ಪಡೆದವರು ಇಂಥದ್ದನ್ನೇ ಇಂಥ ದಿನದೊಳಗೆ ಮುಗಿಸುತ್ತೇನೆಂಬ ಮಾತು ಕೊಡಬೇಕಾಗಿರಲಿಲ್ಲ. ಮಾಡಿದ ಕೆಲಸವನ್ನು ಗಂಟೆಗಳ ಲೆಕ್ಕದಲ್ಲಿ ಎಲ್ಲರೂ ಓದುವಂತೆ ವರದಿ ಮಾಡಿದರೆ ಸಾಕು. ಆ ವರದಿಗಳನ್ನು ಓದುವುದೇ ಒಂದು ಶಿಕ್ಷಣ. ಎಡಗಡೆ ಗಂಟೆ, ಬಲಗಡೆ ಬಗ್‌ನ ಸಂಖ್ಯೆ ಮತ್ತು ಒಂದು ಸಾಲಿನ ವಿವರ. ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಜಿನ್ನಿನ ಯಾವುದೋ ಮೂಲೆಯಲ್ಲಿ ಸ್ಮೃತಿ ಸೋರಿಕೆ ಹುಡುಕುವುದಕ್ಕೆ ದಿನಗಟ್ಟಲೆ ಹೋಗಿರುತ್ತದೆ, ಸಿಕ್ಕ ಮೇಲೆ ತಿದ್ದುವುದು ಕೆಲವೇ ಸಾಲಿನಲ್ಲಿ ಮುಗಿದಿರುತ್ತದೆ. ಇಂಥ ಕೆಲಸಕ್ಕೆ ಸಮ್ಮೇಳನದಲ್ಲಿ ಚಪ್ಪಾಳೆ ಬೀಳುವುದಿಲ್ಲ. ಬುಕಿಂಗ್ ಡಾಟ್ ಕಾಮ್ ಈ ನಿಧಿಗೆ ಒಂದು ಲಕ್ಷ ಯೂರೊ ಕೊಟ್ಟಿತು. ತಾನು ಬಳಸುವ ಭಾಷೆಯ ಹೂಳೆತ್ತುವುದಕ್ಕೆ ತನ್ನ ಬೆಳೆಯಿಂದಲೇ ಪಾಲು ಕೊಟ್ಟಂತೆ ಇದು, ಬಿತ್ತುವಟ್ಟದ ನೀತಿಗೆ ಹತ್ತಿರವಾದದ್ದು.

ಹಣ ಬಂದರೆ ನಿಸ್ವಾರ್ಥ ಕೆಡುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನ ರಿಚರ್ಡ್ ಟಿಟ್‌ಮಸ್ 1970ರ ತಮ್ಮ ಪುಸ್ತಕದಲ್ಲಿ, ರಕ್ತವನ್ನು ಹಣ ಕೊಟ್ಟು ಕೊಳ್ಳುವ ಪದ್ಧತಿ ರಕ್ತದಾನ ಮಾಡುವವರ ಮನಸ್ಸನ್ನೇ ಮುದುಡಿಸುತ್ತದೆ, ಸಿಗುವ ರಕ್ತದ ಗುಣಮಟ್ಟವೂ ಇಳಿಯುತ್ತದೆ ಎಂದು ವಾದಿಸಿದ್ದರು. ಒಂದೇ ತಂಡದಲ್ಲಿ ಒಬ್ಬರಿಗೆ ಸಂಬಳ, ಪಕ್ಕದವರಿಗೆ ಬರೀ ಧನ್ಯವಾದ ಎಂದಾದರೆ ಎರಡನೆಯವರು ಸುಮ್ಮನೆ ಎದ್ದುಹೋಗುವುದನ್ನು ಹಲವು ಓಪನ್ ಸೋರ್ಸ್ ಬಳಗಗಳು ಕಂಡಿವೆ. ಆದರೆ ಈ ಆಕ್ಷೇಪ ಸಂತೋಷದಿಂದ ನಡೆಯುವ ಕೆಲಸಕ್ಕೆ ಮಾತ್ರ ತಗಲುತ್ತದೆ. ಯಾರೂ ಸಂತೋಷದಿಂದ ಮಾಡದ, ಮಾಡದಿದ್ದರೆ ಎಲ್ಲರಿಗೂ ಕೇಡಾಗುವ ಕೆಲಸಕ್ಕೆ ಕೂಲಿ ಕೊಟ್ಟರೆ ಯಾರ ತ್ಯಾಗಕ್ಕೂ ಅವಮಾನವಾಗುವುದಿಲ್ಲ. ಅದನ್ನು ಕೂಲಿಯಿಲ್ಲದೆ ಯಾರೋ ಮಾಡಲಿ ಎಂದು ಕಾಯುವುದೇ ಅವಮಾನ.

ಒಬ್ಬನೇ ಪೋಷಕನ ಆಶ್ರಯದಲ್ಲಿ ಬೆಳೆದ ಭಾಷೆಗೆ ಬೇರೆ ಅಪಾಯವಿದೆ. ರಸ್ಟ್ ಭಾಷೆಯನ್ನು ಮೋಜಿಲ್ಲಾ ಹಲವು ವರ್ಷ ಸಾಕಿತು. 2020ರ ಆಗಸ್ಟಿನಲ್ಲಿ ಮೋಜಿಲ್ಲಾ ಸುಮಾರು 250 ಮಂದಿಯನ್ನು ಕೆಲಸದಿಂದ ತೆಗೆದಾಗ ರಸ್ಟ್‌ಗೆ ದುಡಿಯುತ್ತಿದ್ದವರೂ ಅವರಲ್ಲಿದ್ದರು. ಭಾಷೆಗೆ ಸ್ವಂತ ನೆಲೆ ಬೇಕೆಂದು 2021ರ ಫೆಬ್ರುವರಿಯಲ್ಲಿ ಅಮೆಜಾನ್, ಗೂಗಲ್, ಹುವಾವೆ, ಮೈಕ್ರೋಸಾಫ್ಟ್, ಮೋಜಿಲ್ಲಾ ಸೇರಿ ರಸ್ಟ್ ಫೌಂಡೇಷನ್ ಸ್ಥಾಪಿಸಿದವು. ಅದೇ ವರ್ಷದ ಕೊನೆಗೆ ಪಿಎಚ್‌ಪಿ ಭಾಷೆಗೂ ಇಂಥದ್ದೇ ಫೌಂಡೇಷನ್ ಬಂತು. ಅದರ ಪ್ರಮುಖ ಡೆವಲಪರ್ ಒಬ್ಬರು ಬೇರೆ ಕೆಲಸಕ್ಕೆ ಹೊರಟಾಗ, ಕೋಟ್ಯಂತರ ಸೈಟುಗಳ ತಳಪಾಯ ಎಷ್ಟು ಕಡಿಮೆ ಜನರ ಹೆಗಲ ಮೇಲಿದೆ ಎಂಬುದು ಎಲ್ಲರಿಗೂ ಕಂಡುಬಿಟ್ಟಿತ್ತು.

ಷರತ್ತಿನ ಹಣವನ್ನು ತಿರಸ್ಕರಿಸಿದ ಉದಾಹರಣೆಯೂ ಇದೆ. ಪೈಥಾನ್ ಭಾಷೆಯನ್ನು ನೋಡಿಕೊಳ್ಳುವ ಪೈಥಾನ್ ಸಾಫ್ಟ್‌ವೇರ್ ಫೌಂಡೇಷನ್ನಿಗೆ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್ನಿನಿಂದ 15 ಲಕ್ಷ ಡಾಲರ್ ಗ್ರಾಂಟ್ ಕೈಗೆಟಕುವಂತಿತ್ತು, ಭಾಷೆಯ ಭದ್ರತೆಯ ಕೆಲಸಕ್ಕೆ. ವೈವಿಧ್ಯ ಮತ್ತು ಸಮಾನ ಅವಕಾಶಗಳನ್ನು ಉತ್ತೇಜಿಸುವ ಕಾರ್ಯಕ್ರಮಗಳನ್ನು ನಡೆಸುವುದಿಲ್ಲ ಎಂದು ಸಂಸ್ಥೆ ಒಪ್ಪಿಕೊಳ್ಳಬೇಕೆಂಬುದು ಅದರ ಷರತ್ತುಗಳಲ್ಲೊಂದು. ಅದು ಈ ಗ್ರಾಂಟಿನ ಕೆಲಸಕ್ಕಷ್ಟೇ ಅಲ್ಲ, ಸಂಸ್ಥೆಯ ಎಲ್ಲ ಚಟುವಟಿಕೆಗೂ ಅನ್ವಯಿಸುತ್ತಿತ್ತು; ಮೀರಿದರೆ ಕೊಟ್ಟ ಹಣವನ್ನು ವಾಪಸು ಕೇಳುವ ಅವಕಾಶವೂ ಇತ್ತು. ವರ್ಷಕ್ಕೆ ಸುಮಾರು 50 ಲಕ್ಷ ಡಾಲರ್ ಬಜೆಟ್ಟಿನ ಆ ಸಂಸ್ಥೆ 2025ರ ಅಕ್ಟೋಬರಿನಲ್ಲಿ, ಪ್ರಸ್ತಾವವನ್ನು ಹಿಂತೆಗೆದುಕೊಂಡಿದ್ದೇವೆಂದು ತಿಳಿಸಿತು. ಆ ಷರತ್ತಿನ ರಾಜಕೀಯದ ಬಗ್ಗೆ ಯಾರ ನಿಲುವು ಏನೇ ಇರಲಿ, ತತ್ತ್ವ ಸ್ಪಷ್ಟವಾಗಿದೆ. ಎಲ್ಲರಿಗೂ ಬಿಟ್ಟುಕೊಟ್ಟದ್ದನ್ನು ಕಾಯುವವರು ಒಬ್ಬ ಪೋಷಕನ ಅಪ್ಪಣೆಗೆ ಒಳಪಟ್ಟರೆ ಉತ್ಸರ್ಗವೇ ಮುರಿದುಬೀಳುತ್ತದೆ. ಆ ಸಂಸ್ಥೆ ಮಾಡಿದ್ದು ಕಷ್ಟದ ಕೆಲಸ, ಸರಿಯಾದ ಕೆಲಸ.

ಈ ಎಲ್ಲ ಭಾಷೆಗಳೂ ಬೆಂಗಳೂರಿನ ಕಂಪನಿಗಳ ದಿನನಿತ್ಯದ ಬಂಡವಾಳ. ಅಲ್ಲಿಂದಲೂ ಒಂದು ಪ್ರಯತ್ನ ನಡೆದಿದೆ: ಷೇರು ವ್ಯವಹಾರದ ಜೆರೋಧಾ ಸಂಸ್ಥೆ 2024ರ ಅಕ್ಟೋಬರಿನಲ್ಲಿ, ಜಗತ್ತಿನ ಯಾವ ಭಾಗದ ಮುಕ್ತ ತಂತ್ರಾಂಶ ಯೋಜನೆಗಾದರೂ ಸಲ್ಲುವಂತೆ ವರ್ಷಕ್ಕೆ ಹತ್ತು ಲಕ್ಷ ಡಾಲರಿನ ನಿಧಿಯೊಂದನ್ನು ಆರಂಭಿಸಿತು. ನೆರವು ಬಯಸುವ ಯೋಜನೆಗಳು ತಮಗೆ ಎಷ್ಟು ಬೇಕು, ಯಾವುದಕ್ಕೆ ಬೇಕು ಎಂಬುದನ್ನು ಒಂದು ಸಣ್ಣ ಕಡತದಲ್ಲಿ ಬರೆದು ಬಹಿರಂಗವಾಗಿ ಇಡಬೇಕೆಂಬುದು ಅದರ ಕ್ರಮ. ಉಳಿದ ಕಂಪನಿಗಳೂ ತಾವು ಯಾವ ಯಾವ ಭಾಷೆಯ ಮೇಲೆ ನಿಂತಿದ್ದೇವೆಂದು ಮೊದಲು ಪಟ್ಟಿ ಮಾಡಬೇಕು. ಅವುಗಳ ನಿರ್ವಹಣೆಗೆ ಪ್ರತಿವರ್ಷ ಒಂದು ಪಾಲನ್ನು ಎತ್ತಿಡಬೇಕು. ಅದನ್ನು ಸಾಮಾಜಿಕ ಹೊಣೆಗಾರಿಕೆಯ ಪುಟದಲ್ಲಿ ದಾನವೆಂದು ಬರೆಯದೆ, ಬಾಡಿಗೆ ಮತ್ತು ಕರೆಂಟ್ ಬಿಲ್ಲಿನ ಜೊತೆಗೆ ಖರ್ಚಿನ ಕಡೆಗೇ ಬರೆಯಬೇಕು.